ಕೂಸು ಯಾರ ಹತ್ತಿರ ಇರಬೇಕು? ಬೆಳಗಾವಿ, ಬಾಗಲಕೋಟೆ, ವಿಜಯಪುರದ ತಂದೆತಾಯಿಗೆ ಕಸ್ಟಡಿ ಪ್ರಕರಣದ ಸಮಗ್ರ ಮಾರ್ಗದರ್ಶಿ

ಗಂಡ ಹೆಂಡತಿ ಬೇರೆಯಾದ ಮನೆಯಲ್ಲಿ ಹಿರಿಯರು ಕೂತು ಖಾತ್ರಿಯಿಂದ ಹೇಳುವ ಮಾತೊಂದಿದೆ: "ಐದು ವರ್ಷದ ತನಕ ಕೂಸು ತಾಯಿಗೆ, ಆಮ್ಯಾಲೆ ಅಪ್ಪಗ." ಮುಸ್ಲಿಂ ಮನೆಗಳಲ್ಲಿ ಲೆಕ್ಕ ಬೇರೆ: ಗಂಡುಮಗು ಏಳರ ತನಕ, ಹೆಣ್ಣುಮಗು ಮೈನೆರೆಯುವ ತನಕ ತಾಯಿಯ ಬಳಿ. ಎರಡೂ ಅರ್ಧ ಸತ್ಯ. ಆ ಅರ್ಧವನ್ನು ಪೂರ್ತಿ ಎಂದು ನಂಬಿ, ಐದು ತುಂಬಿದ ಮರುದಿನವೇ ಶಾಲೆಯ ಗೇಟಿನಿಂದ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುವ ಅಪ್ಪ ತನ್ನ ಕೇಸನ್ನು ತಾನೇ ಕೆಡಿಸಿಕೊಳ್ಳುತ್ತಾನೆ. ಫೋನಿನಲ್ಲಿ ಅಪ್ಪನ ನಂಬರ್ ಬ್ಲಾಕ್ ಮಾಡಿ ವರ್ಷಗಟ್ಟಲೆ ಮುಖ ತೋರಿಸದ ತಾಯಿಯದೂ ಅದೇ ಕತೆ.

ಕಸ್ಟಡಿ ಕೇಸಿನಲ್ಲಿ ನ್ಯಾಯಾಧೀಶರು ಗಂಡ ಹೆಂಡತಿಯ ತಪ್ಪು ಒಪ್ಪುಗಳನ್ನು ಎಣಿಸಿ ಬಹುಮಾನವಾಗಿ ಮಗುವನ್ನು ಕೊಡುವುದಿಲ್ಲ. ಬೆಳಿಗ್ಗೆ ಎಬ್ಬಿಸುವವರು ಯಾರು, ಜ್ವರ ಬಂದಾಗ ದವಾಖಾನೆಗೆ ಒಯ್ಯುವವರು ಯಾರು, ಶಾಲೆ ಎಷ್ಟು ದೂರ, ಯಾರ ಮನೆಯಲ್ಲಿ ಅದು ನೆಮ್ಮದಿಯಾಗಿ ಮಲಗುತ್ತದೆ ಎಂದು ನೋಡುತ್ತಾರೆ. ಅರ್ಜಿಯಿಂದ ಮೇಲ್ಮನವಿಯವರೆಗೆ ಮಾಡುವ ಪ್ರತಿ ಕೆಲಸವೂ ಈ ಪ್ರಶ್ನೆಗಳಿಗೆ ಉತ್ತರವಾಗಿರಬೇಕು.

ಮೊದಲು ಮೂರು ಮಾತು ಬಿಡಿಸಿಕೊಳ್ಳಿ

ಪಾಲಕತ್ವ ಎಂದರೆ ಮೈನರ್ ಮಗುವಿನ ಪರವಾಗಿ ಕಾನೂನಿನ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ: ಆಸ್ತಿ, ಬ್ಯಾಂಕು, ಸಹಿ. ಕಸ್ಟಡಿ ಅಥವಾ ಸುಪರ್ದಿ ಎಂದರೆ ಮಗು ದಿನನಿತ್ಯ ಯಾರ ಮನೆಯಲ್ಲಿ ಬೆಳೆಯುತ್ತದೆ ಎಂಬುದು. ಭೇಟಿ ಹಕ್ಕು ಎಂದರೆ ಮಗು ಯಾರ ಬಳಿ ಇಲ್ಲವೋ ಅವರು ಅದನ್ನು ನೋಡುವ, ಮಾತಾಡಿಸುವ, ರಜೆಯಲ್ಲಿ ಕರೆದುಕೊಂಡು ಹೋಗುವ ವ್ಯವಸ್ಥೆ. ತಂದೆ ಪಾಲಕನಾಗಿದ್ದೂ ಕಸ್ಟಡಿ ತಾಯಿಯ ಬಳಿ ಇರಬಹುದು. "ನಾನು ನ್ಯಾಚುರಲ್ ಗಾರ್ಡಿಯನ್ (ಸಹಜ ಪಾಲಕ), ಕೂಸನ್ನು ನನಗೆ ಕೊಡಿ" ಎಂಬ ವಾದ ಬಿದ್ದುಹೋಗುವುದು ಇದೇ ಕಾರಣಕ್ಕೆ.

ಹಿಂದೂಗಳಿಗೆ 1956ರ ಹಿಂದೂ ಅಲ್ಪವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ ಸೆಕ್ಷನ್ 6 ತಂದೆಯನ್ನು, ಆತನ ನಂತರ ತಾಯಿಯನ್ನು ಸಹಜ ಪಾಲಕರೆನ್ನುತ್ತದೆ. ಆ "ನಂತರ" ಎಂಬ ಪದಕ್ಕೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ತಂದೆ ಮಗುವಿನ ಜವಾಬ್ದಾರಿಯಲ್ಲಿ ಇಲ್ಲದಿರುವಾಗಲೂ ತಾಯಿ ಪಾಲಕಿಯಾಗಬಹುದು ಎಂದು 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ಸೆಕ್ಷನ್ನಿನಲ್ಲಿ ಐದು ವರ್ಷ ತುಂಬದ ಮಗು "ಸಾಮಾನ್ಯವಾಗಿ" ತಾಯಿಯ ಬಳಿ ಇರಬೇಕು ಎಂದಿದೆ. ಐದಾದ ಮೇಲೆ ತಂದೆಗೆ ಒಪ್ಪಿಸಬೇಕು ಎಂದು ಎಲ್ಲಿಯೂ ಬರೆದಿಲ್ಲ. ಐದರೊಳಗಿನ ಮಗುವನ್ನು ತಾಯಿಯಿಂದ ಬಿಡಿಸಬೇಕಾದರೆ ಆಕೆ ಅಯೋಗ್ಯಳೆಂದು ತಂದೆಯೇ ರುಜುವಾತು ಮಾಡಬೇಕು, ಯೋಗ್ಯಳೆಂದು ತಾಯಿ ಸಾಬೀತು ಮಾಡಬೇಕಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಎಲ್ಲ ಧರ್ಮದವರಿಗೂ ಅನ್ವಯಿಸುವುದು 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ. ಮುಸ್ಲಿಂ ತಂದೆತಾಯಿಗೆ ಅರ್ಜಿಯ ದಾರಿ ಇದೇ. ಹಿಜಾನತ್‌ನ (ಚಿಕ್ಕ ಮಗುವನ್ನು ತಾಯಿ ತನ್ನ ಬಳಿ ಇಟ್ಟುಕೊಳ್ಳುವ ಹಕ್ಕು) ವಯಸ್ಸಿನ ನಿಯಮ ಕೋರ್ಟಿನ ಮುಂದೆ ಇರುತ್ತದೆ, ಆದರೆ ಮಗುವಿನ ಹಿತ ಅದಕ್ಕಿಂತ ಮೇಲೆ. ವಿಚ್ಛೇದನದ ಕೇಸು ಆಗಲೇ ನಡೆಯುತ್ತಿದ್ದರೆ ಹಿಂದೂಗಳು 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26ರಡಿ, 1954ರ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆಯಾದವರು ಅದರ ಸೆಕ್ಷನ್ 38ರಡಿ ಅದೇ ಕೇಸಿನೊಳಗೆ ಕಸ್ಟಡಿ ಕೇಳಬಹುದು. ಬೇರೆ ಕೇಸು ಬೇಕಿಲ್ಲ, ಖರ್ಚೂ ಕಡಿಮೆ. ಒಂದೇ ಎಚ್ಚರಿಕೆ: ಆ ವಿಚ್ಛೇದನದ ಅರ್ಜಿ ವಜಾ ಆದರೆ ಅದರ ಬೆನ್ನಿಗೆ ಕಟ್ಟಿದ ಮಧ್ಯಂತರ ವ್ಯವಸ್ಥೆಯೂ ಬೀಳುತ್ತದೆ.

ನ್ಯಾಯಾಧೀಶರು ತೂಗುವುದು ಏನನ್ನು

1890ರ ಕಾಯ್ದೆಯ ಸೆಕ್ಷನ್ 17 ಪಟ್ಟಿಯನ್ನೇ ಕೊಡುತ್ತದೆ: ಮಗುವಿನ ವಯಸ್ಸು, ಲಿಂಗ, ಧರ್ಮ; ಕೇಳುವವರ ನಡತೆ ಮತ್ತು ಸಾಮರ್ಥ್ಯ; ಮಗುವಿಗೆ ಅವರು ಎಷ್ಟು ಹತ್ತಿರದ ಬಂಧು; ತೀರಿಕೊಂಡ ತಂದೆ ಅಥವಾ ತಾಯಿಯ ಇಚ್ಛೆ; ಮಗುವಿನೊಡನೆ ಮತ್ತು ಅದರ ಆಸ್ತಿಯೊಡನೆ ಅವರಿಗಿದ್ದ ಸಂಬಂಧ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು.

ಕೋರ್ಟಿನೊಳಗೆ ಈ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಬೇರೆ ವಿಷಯ.

ಹಣ ಎಲ್ಲರೂ ಅಂದುಕೊಂಡಷ್ಟು ತೂಗುವುದಿಲ್ಲ. ಅಪ್ಪನಿಗೆ ಹತ್ತು ಎಕರೆ ಕಬ್ಬಿನ ಹೊಲವಿದೆ, ತಾಯಿ ಬಟ್ಟೆ ಹೊಲಿದು ಬದುಕುತ್ತಾಳೆ ಎಂಬುದರಿಂದ ಮಗು ಅಪ್ಪನ ಪಾಲಾಗುವುದಿಲ್ಲ. ಹಣ ಇದ್ದವರು ಜೀವನಾಂಶ ಕೊಡಲಿ, ಮಗು ಇದ್ದಲ್ಲೇ ಇರಲಿ ಎನ್ನುವುದು ಕೋರ್ಟಿಗೆ ಸುಲಭ. ತಾಯಿ ನೌಕರಿ ಮಾಡುತ್ತಾಳೆ ಎಂಬುದು ಆಕೆಯ ವಿರುದ್ಧದ ಅಂಶವಲ್ಲ. ಮರುಮದುವೆಯೂ ತಾನಾಗಿಯೇ ಅನರ್ಹತೆಯಲ್ಲ, ಆದರೆ ಹೊಸ ಮನೆಯಲ್ಲಿ ಮಗುವಿನ ಜಾಗವೇನು ಎಂದು ನ್ಯಾಯಾಧೀಶರು ಖಂಡಿತ ಕೇಳುತ್ತಾರೆ. ಉತ್ತರ ಸಿದ್ಧವಿರಲಿ.

ನಿಜವಾಗಿ ತೂಗುವುದು ಸ್ಥಿರತೆ. ಮಗು ಎರಡು ವರ್ಷದಿಂದ ಒಂದೇ ಮನೆ, ಒಂದೇ ಶಾಲೆಯಲ್ಲಿದ್ದರೆ ಅದನ್ನು ಕೀಳಲು ಗಟ್ಟಿ ಕಾರಣ ಬೇಕು. ಹಾಗಾಗಿ ತಡ ಮಾಡಿದವರಿಗೆ ನಷ್ಟ. "ಹಿರಿಯರು ನೋಡೋಣ ಅಂದಾರ" ಎಂದು ಒಂದೂವರೆ ವರ್ಷ ಕಾದು ಬಂದವರಿಗೆ ಎದುರಿನ ವಕೀಲರು ಕೇಳುವ ಮೊದಲ ಪ್ರಶ್ನೆಯೇ ಇದು: ಇಷ್ಟು ದಿನ ಎಲ್ಲಿದ್ದಿರಿ?

ನಮ್ಮ ಭಾಗದ ಸಂಗತಿಗಳು ಕೆಲವು ಇಲ್ಲಿ ಬಂದು ಸೇರುತ್ತವೆ. ವಿಜಯಪುರ ಜಿಲ್ಲೆಯಿಂದ ಗೋವಾ, ಪುಣೆ ಕಡೆ ದುಡಿಯಲು ಹೋಗುವ, ಕಬ್ಬು ಕಡಿಯಲು ತಿಂಗಳುಗಟ್ಟಲೆ ಊರು ಬಿಡುವ ಕುಟುಂಬಗಳಲ್ಲಿ ಮಗುವನ್ನು ಸಾಕಿದ್ದು ಮುತ್ಯಾ-ಆಯಿ ಆಗಿರುತ್ತಾರೆ. ಅದು ನಿಮ್ಮ ತಪ್ಪಲ್ಲ, ಆದರೆ ಮುಚ್ಚಿಡಬೇಡಿ. ಮುಂದೆ ಯಾರು ನೋಡಿಕೊಳ್ಳುತ್ತಾರೆ, ಎಲ್ಲಿ ಶಾಲೆ, ದುಡಿಮೆಯ ತಿಂಗಳುಗಳಲ್ಲಿ ವ್ಯವಸ್ಥೆ ಏನು ಎಂದು ಅರ್ಜಿಯಲ್ಲೇ ಬರೆದರೆ ಎದುರಿನ ವಕೀಲರ ಪಾಟೀಸವಾಲಿನಲ್ಲಿ ಮುಜುಗರವಿಲ್ಲ. ಶಾಲೆಯ ಮಾಧ್ಯಮವೂ ಹಾಗೆಯೇ: ನಾಲ್ಕನೇ ಇಯತ್ತೆಯ ತನಕ ಕನ್ನಡ ಶಾಲೆಯಲ್ಲಿ ಕಲಿತ ಮಗುವನ್ನು ಮೀರಜಿನ ಮರಾಠಿ ಶಾಲೆಗೆ ಒಯ್ಯುತ್ತೇನೆ ಎನ್ನುವವರು ಆ ಬದಲಾವಣೆಯನ್ನು ಹೇಗೆ ನಿಭಾಯಿಸುತ್ತೀರಿ ಎಂಬುದಕ್ಕೆ ಉತ್ತರ ಇಟ್ಟುಕೊಂಡಿರಬೇಕು.

ಮಗುವನ್ನು ನ್ಯಾಯಾಧೀಶರು ಸಾಮಾನ್ಯವಾಗಿ ತಮ್ಮ ಕೊಠಡಿಗೆ ಕರೆದು, ತಂದೆತಾಯಿಯನ್ನು ಹೊರಗಿಟ್ಟು ಮಾತಾಡಿಸುತ್ತಾರೆ. ಇಂತಿಷ್ಟೇ ವಯಸ್ಸು ಎಂಬ ನಿಯಮವಿಲ್ಲ. ಒಂಬತ್ತು ಹತ್ತು ದಾಟಿದ ಮಗುವಿನ ಮಾತಿಗೆ ಹೆಚ್ಚು ಬೆಲೆ. ಬಾಯಿಪಾಠ ಮಾಡಿಸಿದ ಮಗು ಎರಡೇ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ: ಏಳು ವರ್ಷದ ಕೂಸು "ಅಪ್ಪ ಮಾನಸಿಕ ಕಿರುಕುಳ ಕೊಡ್ತಾನ" ಎಂದರೆ ಆ ಪದ ಎಲ್ಲಿಂದ ಬಂತು ಎಂದು ಯಾರಿಗೂ ಅನುಮಾನ ಉಳಿಯುವುದಿಲ್ಲ. ಒಬ್ಬರು ಮಗುವಿನ ಮನಸ್ಸಿನಲ್ಲಿ ಇನ್ನೊಬ್ಬರ ವಿರುದ್ಧ ವಿಷ ತುಂಬುವುದನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಗಂಭೀರವಾಗಿ ಪರಿಗಣಿಸಿದೆ. ಅಂಥ ಯತ್ನ ಕಂಡರೆ ಅದೇ ಮಗುವನ್ನು ಎದುರಿನವರಿಗೆ ಕೊಡಲು ಕಾರಣವಾಗಬಹುದು.

ತಂದೆತಾಯಿ ಅಲ್ಲದವರು ಕೇಳಿದಾಗ? ತಾಯಿ ತೀರಿಹೋಗಿ ಮಗು ಅವಳ ತವರಿನವರ ಬಳಿ ಉಳಿದಿದ್ದ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ತಂದೆಗೆ ಕೊಡಿಸಿತು. ಕೋವಿಡ್‌ನಲ್ಲಿ ಇಬ್ಬರನ್ನೂ ಕಳೆದುಕೊಂಡ ಮಗುವಿನ ವಿಷಯದಲ್ಲಿ 2022ರಲ್ಲಿ ತಂದೆಯ ತಂದೆತಾಯಿಗೆ ಕೊಟ್ಟಿತು. ಅವರ ವಯಸ್ಸು, ಕಡಿಮೆ ಆದಾಯ ಮಾತ್ರವೇ ಅಡ್ಡಿಯಲ್ಲ ಎಂದಿತು.

ಹಂತ 1: ಯಾವ ಊರಿನ ಕೋರ್ಟು

ಗಡಿ ಜಿಲ್ಲೆಗಳಲ್ಲಿ ಅತಿ ಹೆಚ್ಚು ಕೇಸು ಎಡವುವುದು ಇಲ್ಲೇ. 1890ರ ಕಾಯ್ದೆಯ ಸೆಕ್ಷನ್ 9ರ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ಕೋರ್ಟಿಗೆ ಅಧಿಕಾರ. ನೀವು ವಾಸಿಸುವ ಜಾಗವಲ್ಲ, ಮದುವೆಯಾದ ಜಾಗವೂ ಅಲ್ಲ. ಗಂಡ ಅಥಣಿಯಲ್ಲಿ, ಹೆಂಡತಿ ಮಗುವಿನೊಡನೆ ಸಾಂಗ್ಲಿಯ ತವರಿನಲ್ಲಿ ಎರಡು ವರ್ಷದಿಂದ ಇದ್ದಾಳೆ, ಮಗು ಅಲ್ಲೇ ಶಾಲೆಗೆ ಹೋಗುತ್ತದೆ ಎಂದರೆ ಅಥಣಿಯಲ್ಲಿ ಹಾಕಿದ ಅರ್ಜಿ ಅಧಿಕಾರವ್ಯಾಪ್ತಿಯ ತಕರಾರಿನಲ್ಲೇ ತಿಂಗಳುಗಟ್ಟಲೆ ಒದ್ದಾಡುತ್ತದೆ. ಅದೇ ಮಗುವನ್ನು ಹದಿನೈದು ದಿನದ ಹಿಂದೆ ಅಥಣಿಯ ಶಾಲೆಯಿಂದ ಬಿಡಿಸಿ ಒಯ್ದಿದ್ದರೆ ಅಥಣಿಯೇ ಮಗುವಿನ ವಾಸಸ್ಥಳ ಎಂದು ವಾದಿಸಲು ಗಟ್ಟಿ ನೆಲವಿದೆ. ಬಲವಂತದಿಂದ ಸ್ಥಳಾಂತರ ಮಾಡಿ "ಈಗ ಇಲ್ಲೇ ವಾಸ" ಎನ್ನುವುದನ್ನು ಕೋರ್ಟು ಸುಲಭವಾಗಿ ಒಪ್ಪುವುದಿಲ್ಲ. ತಡ ಮಾಡಬಾರದೆನ್ನುವುದಕ್ಕೆ ಇದು ಎರಡನೇ ಕಾರಣ.

ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26ರಡಿ ಕೇಳುವವರಿಗೆ ಈ ತೊಂದರೆ ಕಡಿಮೆ, ಯಾಕೆಂದರೆ ವಿಚ್ಛೇದನದ ಕೇಸು ಎಲ್ಲಿ ನಡೆಯುತ್ತದೋ ಅಲ್ಲೇ ಮಗುವಿನ ಮಾತೂ ತೀರ್ಮಾನವಾಗುತ್ತದೆ. ಹೆಂಡತಿ ತಾನು ಈಗ ವಾಸಿಸುವ ಊರಿನಲ್ಲೇ ಆ ಕೇಸು ಹಾಕಬಹುದು. ಎರಡು ರಾಜ್ಯಗಳಲ್ಲಿ ಎರಡು ಕೇಸು ಇದ್ದರೆ ಒಂದೆಡೆಗೆ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ. ಕರ್ನಾಟಕದೊಳಗಾದರೆ ಹೈಕೋರ್ಟ್ ಸಾಕು.

ಅರ್ಜಿ ಹಾಕಬೇಕಾದದ್ದು ಕೌಟುಂಬಿಕ ನ್ಯಾಯಾಲಯದಲ್ಲಿ. ಆದರೆ ಅದರ ವ್ಯಾಪ್ತಿ ಎಲ್ಲಿಯ ತನಕ ಎಂಬುದನ್ನು ಸರ್ಕಾರದ ಅಧಿಸೂಚನೆ ನಿಗದಿ ಮಾಡುತ್ತದೆ. ಗೋಕಾಕ, ಅಥಣಿ, ಜಮಖಂಡಿಯಂಥ ಊರಿನವರು ಜಿಲ್ಲಾ ಕೇಂದ್ರಕ್ಕೆ ಹೊರಡುವ ಮೊದಲು ತಮ್ಮ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನ ಫೈಲಿಂಗ್ ಶಾಖೆಯಲ್ಲಿ "ಜಿ ಆ್ಯಂಡ್ ಡಬ್ಲ್ಯುಸಿ ಅರ್ಜಿ ಇಲ್ಲಿ ತಗೋತೀರಾ?" (ಅಂದರೆ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ ಅರ್ಜಿ) ಎಂದು ಒಂದು ಮಾತು ಕೇಳಿದರೆ ಒಂದು ದಿನದ ಬಸ್ ಪ್ರಯಾಣ ಉಳಿಯುತ್ತದೆ.

ಹೊಡೆತ ಬಡಿತವಿದ್ದರೆ ಮಹಿಳೆಗೆ ಇನ್ನೊಂದು, ವೇಗದ ಬಾಗಿಲಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 21ರಡಿ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ಕೊಡಬಹುದು. ತಾತ್ಕಾಲಿಕವಾಗಿ ಆಶ್ರಯ ಪಡೆದ ಊರಿನಲ್ಲೂ ಅರ್ಜಿ ನಡೆಯುತ್ತದೆ. ಕರ್ನಾಟಕದಲ್ಲಿ ಇದರ ಸಂರಕ್ಷಣಾಧಿಕಾರಿಯಾಗಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಯವರು ಸಿಡಿಪಿಒ ಎನ್ನುವ ಅಧಿಕಾರಿಯೇ ಕೆಲಸ ಮಾಡುತ್ತಾರೆ.

ಹಂತ 2: ಕಾಗದಪತ್ರ

ವಕೀಲರ ಬಳಿ ಹೋಗುವ ಮೊದಲೇ ಒಂದು ಫೈಲು ಕಟ್ಟಿ. ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಮದುವೆಯ ನೋಂದಣಿ ಪತ್ರ ಅಥವಾ ಲಗ್ನಪತ್ರಿಕೆ ಮತ್ತು ಫೋಟೋ ಎಲ್ಲರ ಬಳಿಯೂ ಇರುತ್ತವೆ. ಕೇಸು ಗೆಲ್ಲಿಸುವುದು ಅವಲ್ಲ. ತಾಯಿ ಕಾರ್ಡಿನಲ್ಲಿ ಲಸಿಕೆಯ ತಾರೀಖುಗಳು, ದವಾಖಾನೆಯ ಚೀಟಿಗಳಲ್ಲಿ ಜೊತೆಗೆ ಬಂದವರ ಹೆಸರು, ಶಾಲೆಯ ಫೀ ರಸೀದಿಯಲ್ಲಿ ಕಟ್ಟಿದವರ ಹೆಸರು, ಪಾಲಕರ ಸಭೆಯ ಸಹಿ, ಹಾಜರಾತಿ, ವ್ಯಾಸಂಗ ಪ್ರಮಾಣಪತ್ರ, ಶಾಲೆಯ ಸ್ಯಾಟ್ಸ್ (ಸರ್ಕಾರದ ಆನ್‌ಲೈನ್ ವಿದ್ಯಾರ್ಥಿ ನೋಂದಣಿ) ದಾಖಲೆ: "ನಾನೇ ನೋಡಿಕೊಂಡೆ" ಎಂಬ ಮಾತಿಗೆ ಸಾಕ್ಷಿ ಹೇಳುವವು ಇವು. ಐದು ವರ್ಷದ ಲಸಿಕೆಗೆಲ್ಲ ಒಬ್ಬರೇ ಹೋಗಿದ್ದಾರೆ ಎಂಬುದು ಹತ್ತು ಜನ ಸಾಕ್ಷಿಗಳಿಗಿಂತ ಭಾರ.

ಆದಾಯಕ್ಕೆ ಸಂಬಳದ ಚೀಟಿ ಇಲ್ಲದವರು ಗಾಬರಿಯಾಗಬೇಕಿಲ್ಲ. ಹೊಲದ ಉತಾರ, ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು, ಡೇರಿಯ ಹಾಲಿನ ಪಾಸ್‌ಬುಕ್ಕು, ಇಳಕಲ್ಲು ಅಥವಾ ರಬಕವಿ-ಬನಹಟ್ಟಿಯ ನೇಕಾರರಾದರೆ ಮಾಲೀಕರ ಕೂಲಿ ಲೆಕ್ಕದ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟು ನಡೆಯುತ್ತವೆ. ಜೀವನಾಂಶವೂ ಕೇಳುವುದಾದರೆ ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಅಫಿಡವಿಟ್ ಸಲ್ಲಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರ ತೀರ್ಪಿನಲ್ಲಿ ನಮೂನೆ ಸಮೇತ ಕಡ್ಡಾಯ ಮಾಡಿದೆ. ಅದರಲ್ಲಿ ಒಂದು ಎಕರೆ ಮರೆಮಾಚಿ ಉತಾರದಲ್ಲಿ ಸಿಕ್ಕಿಬಿದ್ದರೆ ಕಸ್ಟಡಿಯ ವಿಷಯದಲ್ಲೂ ನಿಮ್ಮ ಮಾತಿಗೆ ಬೆಲೆ ಹೋಗುತ್ತದೆ.

ವಾಟ್ಸ್‌ಆ್ಯಪ್ ಸಂದೇಶ, ಆಡಿಯೋ ಕೊಡುವುದಾದರೆ ಮೂಲ ಫೋನು ಮಾರಬೇಡಿ, ಚಾಟ್ ಅಳಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಜೊತೆಗಿರಲಿ. ಸ್ಕ್ರೀನ್‌ಶಾಟಿನ ಅರ್ಧ ಭಾಗ ಕತ್ತರಿಸಿ ಕೊಟ್ಟರೆ ಉಳಿದರ್ಧವನ್ನು ಎದುರಿನವರು ತರುತ್ತಾರೆ.

ಹಿರಿಯರ ಮುಂದೆ ಬಾಂಡ್ ಪೇಪರಿನಲ್ಲಿ ಬರೆದ ಕರಾರು, ಸೋಡಚೀಟಿ (ಮದುವೆ ಬಿಡುಗಡೆಯ ಪತ್ರ) ಇದ್ದರೆ ಅದನ್ನೂ ಇಡಿ, ಆದರೆ ಅದನ್ನೇ ನೆಚ್ಚಬೇಡಿ. "ಮಗುವಿನ ಮ್ಯಾಲೆ ನನಗ ಹಕ್ಕಿಲ್ಲ" ಎಂದು ತಾಯಿ ಸಹಿ ಹಾಕಿದ್ದರೂ ಕೋರ್ಟಿಗೆ ಅದು ಬಂಧನವಲ್ಲ. ಮಗುವಿನ ಹಿತವನ್ನು ದೊಡ್ಡವರು ಬರೆದುಕೊಟ್ಟು ಮುಗಿಸಲು ಬರುವುದಿಲ್ಲ.

ಹಂತ 3: ಅರ್ಜಿ

ಪಾಲಕರನ್ನಾಗಿ ನೇಮಿಸಿ ಎಂದು ಕೇಳುವ ಅರ್ಜಿಯಲ್ಲಿ ಏನಿರಬೇಕೆಂದು 1890ರ ಕಾಯ್ದೆಯ ಸೆಕ್ಷನ್ 10 ಹೇಳುತ್ತದೆ: ಮಗುವಿನ ಹೆಸರು, ಲಿಂಗ, ಧರ್ಮ, ಹುಟ್ಟಿದ ತಾರೀಖು, ವಾಸ, ಮಗುವಿಗೆ ಆಸ್ತಿ ಇದ್ದರೆ ಎಲ್ಲಿದೆ, ಅಂದಾಜು ಬೆಲೆ ಎಷ್ಟು, ಈಗ ಯಾರ ವಶದಲ್ಲಿದೆ, ಹತ್ತಿರದ ಬಂಧುಗಳು ಮತ್ತು ಅವರ ವಿಳಾಸ, ಹಿಂದೆ ಇದೇ ವಿಷಯಕ್ಕೆ ಅರ್ಜಿ ಹಾಕಿದ್ದರೆ ಅದರ ಫಲಿತಾಂಶ, ಅರ್ಜಿಗೆ ಕಾರಣ. ಜೊತೆಗೆ, ಪಾಲಕರಾಗಲು ಒಪ್ಪಿದ್ದೇನೆ ಎಂಬ ಹೇಳಿಕೆಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಈ ಹಾಳೆ ಬಿಟ್ಟುಹೋದರೆ ಕಚೇರಿ ಆಕ್ಷೇಪಣೆ ಹಾಕಿ ಅರ್ಜಿಯನ್ನು ಮರಳಿಸುತ್ತದೆ. ಹಿಂದಿನ ಕೇಸನ್ನು ಮುಚ್ಚಿಟ್ಟರೆ ಕಚೇರಿಗೆ ಗೊತ್ತಾಗದಿರಬಹುದು, ಎದುರಿನವರಿಗೆ ಗೊತ್ತಿರುತ್ತದೆ.

ನಿಮ್ಮ ಬಳಿಯಿದ್ದ ಮಗುವನ್ನು ಒಯ್ದುಬಿಟ್ಟಿದ್ದರೆ ಅದೇ ಕಾಯ್ದೆಯ ಸೆಕ್ಷನ್ 25ರಡಿ ಮಗುವನ್ನು ವಾಪಸ್ ಕೇಳುವುದು. ಅರ್ಜಿಯ ಹತ್ತು ಪುಟದಲ್ಲಿ ಒಂಬತ್ತು ಪುಟ ವರದಕ್ಷಿಣೆ ಜಗಳ, ಒಂದು ಪುಟ ಮಗು ಎಂಬಂತೆ ಬರೆಯುವುದು ನಮ್ಮಲ್ಲಿ ರೂಢಿ. ತಿರುಗಿಸಿ ಬರೆಯಿರಿ. ಮಗು ಎಷ್ಟಕ್ಕೆ ಏಳುತ್ತದೆ, ಶಾಲೆ ಎಷ್ಟು ಕಿಲೋಮೀಟರು, ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ, ಮಲಗುವ ಕೋಣೆ ಯಾವುದು, ಯಾವ ಡಾಕ್ಟರರ ಬಳಿ ತೋರಿಸುತ್ತೀರಿ ಎಂಬ ಒಂದು ದಿನದ ವಿವರ ಅರ್ಜಿಯಲ್ಲಿ ಇರಲೇಬೇಕು.

ಅರ್ಜಿಗೆ ನಂಬರು ಬಿದ್ದ ಮೇಲೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು ಕಾಣುತ್ತದೆ. ಅದಕ್ಕಾಗಿ ವಕೀಲರ ಗುಮಾಸ್ತರನ್ನು ಕಾಯಬೇಕಿಲ್ಲ.

ಹಂತ 4: ಮಧ್ಯಂತರ ಅರ್ಜಿ, ಅರ್ಧ ಕೇಸು ಇಲ್ಲೇ

ಮುಖ್ಯ ಅರ್ಜಿ ತೀರ್ಮಾನವಾಗುವಷ್ಟರಲ್ಲಿ ಮಗು ಎರಡು ತರಗತಿ ದಾಟಿರುತ್ತದೆ. ಆದ್ದರಿಂದ ಅರ್ಜಿಯ ಜೊತೆಗೇ 1890ರ ಕಾಯ್ದೆಯ ಸೆಕ್ಷನ್ 12ರಡಿ ಮಧ್ಯಂತರ ಅರ್ಜಿ ಹಾಕಿ. ಕಸ್ಟಡಿ ಸಿಗುವ ಸಾಧ್ಯತೆ ಕಡಿಮೆ ಎನಿಸಿದರೂ ಭೇಟಿಯನ್ನಾದರೂ ಕೇಳಿ. ಪ್ರತಿ ಭೇಟಿಯೂ ಮಗುವಿನೊಡನೆ ನಿಮ್ಮ ನಂಟನ್ನು ಜೀವಂತವಿಡುತ್ತದೆ, ದಾಖಲೆಯಲ್ಲೂ ಉಳಿಯುತ್ತದೆ.

"ಭೇಟಿಗೆ ಅವಕಾಶ ಕೊಡಿ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ವಾರ, ಗಂಟೆ, ಜಾಗ, ಕರೆತರುವವರು, ಬಸ್ ಖರ್ಚು ಹೊರುವವರು, ರಜೆ, ಹಬ್ಬ, ಫೋನು ಎಲ್ಲವನ್ನೂ ಬರೆಯಿರಿ. ಉದಾಹರಣೆಗೆ: ತಿಂಗಳ ಎರಡನೇ ಮತ್ತು ನಾಲ್ಕನೇ ರವಿವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ, ಮೊದಲ ಮೂರು ಭೇಟಿ ಕೋರ್ಟಿನ ಆವರಣದಲ್ಲಿ ಎರಡು ಗಂಟೆ, ಆಮೇಲೆ ಹೊರಗೆ, ದಸರಾ ರಜೆಯ ಅರ್ಧ, ಬೇಸಿಗೆ ರಜೆಯ ಅರ್ಧ, ನಾಗರಪಂಚಮಿ ತಾಯಿಯ ಬಳಿ, ಯುಗಾದಿ ತಂದೆಯ ಬಳಿ, ದಿನಾ ಸಂಜೆ 7ರಿಂದ 7.10ರವರೆಗೆ ವಿಡಿಯೋ ಕರೆ. ಮಗು ಬಳಿಯಿಲ್ಲದ ಪೋಷಕರಿಗೆ ದಿನಕ್ಕೆ 5–10 ನಿಮಿಷ ವಿಡಿಯೋ ಕರೆಯ ಅವಕಾಶ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅರ್ಜಿಯಲ್ಲಿ ಅದನ್ನು ಕಾಣಿಸಿ. ಬೆಳಗಾವಿಯಿಂದ ವಿಜಯಪುರ 200 ಕಿಲೋಮೀಟರಿನ ಆಸುಪಾಸು. ನಾಲ್ಕು ವರ್ಷದ ಕೂಸನ್ನು ಪ್ರತಿ ವಾರ ಆ ದಾರಿಯಲ್ಲಿ ಓಡಾಡಿಸುವ ಬೇಡಿಕೆ ಇಟ್ಟರೆ ನ್ಯಾಯಾಧೀಶರು ಹುಬ್ಬು ಗಂಟಿಕ್ಕುತ್ತಾರೆ. ದೊಡ್ಡವರೇ ಪ್ರಯಾಣ ಮಾಡುವ ವ್ಯವಸ್ಥೆ ಸೂಚಿಸಿ.

ಜೀವನಾಂಶವನ್ನೂ ಭೇಟಿಯನ್ನೂ ಗಂಟು ಹಾಕಬೇಡಿ. ದುಡ್ಡು ಕೊಟ್ಟಿಲ್ಲ ಎಂದು ಭೇಟಿ ನಿಲ್ಲಿಸಲು ಬರುವುದಿಲ್ಲ, ಮುಖ ತೋರಿಸಿಲ್ಲ ಎಂದು ದುಡ್ಡು ನಿಲ್ಲಿಸಲೂ ಬರುವುದಿಲ್ಲ.

ಹಂತ 5: ಸಂಧಾನ

ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸಲೇಬೇಕು ಎಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 9 ಹೇಳುತ್ತದೆ. ಇದನ್ನು ಹಾಜರಿ ಹಾಕಿ ಬರುವ ಶಾಸ್ತ್ರ ಎಂದುಕೊಳ್ಳಬೇಡಿ. ಒಟ್ಟಿಗೆ ಬಾಳಲು ಆಗದವರೂ ಮಗುವಿನ ವೇಳಾಪಟ್ಟಿಯ ಮೇಲೆ ಒಪ್ಪಬಹುದು. ಒಪ್ಪಿದ್ದನ್ನು ಹಂತ 4ರಲ್ಲಿ ಹೇಳಿದಷ್ಟೇ ವಿವರವಾಗಿ ಬರೆಸಿ. ಒಪ್ಪಂದದ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ. ಓದದೆ ಸಹಿ ಹಾಕಿದರೆ ಕಷ್ಟ. ಪರಿಸ್ಥಿತಿ ಬದಲಾದರೆ ಬದಲಾವಣೆ ಕೇಳಲು ಮಾತ್ರ ದಾರಿಯಿದೆ. ಕಸ್ಟಡಿಯ ಯಾವ ಆದೇಶವೂ ಶಿಲಾಶಾಸನವಲ್ಲ, ಮಗುವಿನ ಹಿತಕ್ಕಾಗಿ ಬದಲಿಸಬಹುದು ಎಂಬುದು 1973ರಿಂದಲೂ ಸುಪ್ರೀಂ ಕೋರ್ಟಿನ ನಿಲುವು.

ಹಂತ 6: ಸಾಕ್ಷಿ, ಪಾಟೀಸವಾಲು

ಮುಖ್ಯ ವಿಚಾರಣೆ ಅಫಿಡವಿಟ್ ಮೂಲಕ, ಆಮೇಲೆ ಪಾಟೀಸವಾಲು. ಇಬ್ಬರಲ್ಲಿ ಒಬ್ಬರು ಕೇಳಿದರೂ ವಿಚಾರಣೆ ಬಾಗಿಲು ಮುಚ್ಚಿ ನಡೆಯುತ್ತದೆ, ಕೇಳಿಕೊಳ್ಳಿ. ಸಾಕ್ಷಿಗೆ ಸೋದರಮಾವನನ್ನೇ ಕರೆತರುವುದು ರೂಢಿ, ಆದರೆ ಮಗುವಿನ ಶಿಕ್ಷಕಿಯ ಒಂದು ಮಾತು ಆತನ ಇಡೀ ಸಾಕ್ಷ್ಯಕ್ಕಿಂತ ನಂಬಿಕಸ್ಥ. ಪಾಟೀಸವಾಲಿನಲ್ಲಿ ಜನ ಸೋಲುವುದು ಸುಳ್ಳಿನಿಂದಲ್ಲ, ಮಗುವಿನ ಸಣ್ಣ ಸಂಗತಿ ಗೊತ್ತಿಲ್ಲದೆ: ತರಗತಿ ಶಿಕ್ಷಕರ ಹೆಸರು, ಯಾವ ಔಷಧಿಗೆ ಅಲರ್ಜಿ, ಆಪ್ತ ಗೆಳೆಯ ಯಾರು. ಮೂರಕ್ಕೂ "ಗೊತ್ತಿಲ್ಲ" ಎಂದ ಅಪ್ಪನ ಹತ್ತೆಕರೆ ಹೊಲ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ವಕೀಲರು ಯಾವಾಗ ಬೇಕೇ ಬೇಕು

ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನಿಡುವುದು ಹಕ್ಕಲ್ಲ ಎಂದು 1984ರ ಕಾಯ್ದೆಯ ಸೆಕ್ಷನ್ 13 ಹೇಳುತ್ತದೆ. ಬಳಕೆಯಲ್ಲಿ ಕೋರ್ಟುಗಳು ಅನುಮತಿ ಕೊಡುತ್ತವೆ. ನೀವೇ ವಾದಿಸಲೂ ಬಹುದು. ಇಬ್ಬರೂ ಒಪ್ಪಿ ವೇಳಾಪಟ್ಟಿ ಬರೆದುಕೊಂಡಿದ್ದರೆ, ಅದನ್ನು ಒಬ್ಬ ವಕೀಲರಿಗೆ ಒಮ್ಮೆ ಓದಲು ಕೊಟ್ಟರೆ ಸಾಕು. ಅದಕ್ಕೆ ಪೂರ್ತಿ ಕೇಸಿನ ಫೀ ಕೇಳುವವರಿಂದ ಎದ್ದು ಬನ್ನಿ.

ಈ ಸಂದರ್ಭಗಳಲ್ಲಿ ಮಾತ್ರ ವಕೀಲರಿಲ್ಲದೆ ಹೋಗಬೇಡಿ. ಎದುರಿನವರು ವಕೀಲರನ್ನಿಟ್ಟಿದ್ದಾರೆ. ಮಗುವನ್ನು ಮಹಾರಾಷ್ಟ್ರಕ್ಕೋ ಗೋವಾಕ್ಕೋ ಒಯ್ದಿದ್ದಾರೆ. ಹಿಂಸೆಯ, ಕುಡಿತದ, ಮಾನಸಿಕ ಕಾಯಿಲೆಯ ಆರೋಪವಿದೆ, ನಿಮ್ಮ ಮೇಲಿರಲಿ ಅವರ ಮೇಲಿರಲಿ. ಮಗುವಿನ ಹೆಸರಿನಲ್ಲಿ ಹೊಲ ಮನೆ ಇದೆ. ಅದನ್ನು ಮಾರಲು ಪಾಲಕರಿಗೂ ಕೋರ್ಟಿನ ಮುಂಚಿತ ಅನುಮತಿ ಬೇಕು. ಅಜ್ಜ, ಚಿಕ್ಕಪ್ಪ ಮುಂತಾದ ಮೂರನೆಯವರು ಅರ್ಜಿ ಹಾಕಿದ್ದಾರೆ. ಏಕಪಕ್ಷೀಯ ಆದೇಶ ಆಗಲೇ ಬಂದಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಶಂಕೆಯಿದ್ದರೆ ಅದು ಕಸ್ಟಡಿ ಅರ್ಜಿಯ ಒಂದು ಪ್ಯಾರಾ ಆಗಿ ಉಳಿಯಬಾರದು: ಮೊದಲು ಮಕ್ಕಳ ಸಹಾಯವಾಣಿ 1098 ಮತ್ತು ಪೊಲೀಸು, ಆಮೇಲೆ ವಕೀಲರು. ಕೇಸಿಗೆ ಬಲ ಬರಲಿ ಎಂದು ಅಂಥ ಆರೋಪವನ್ನು ಕಟ್ಟುವುದು ಮಗುವನ್ನೇ ಪೊಲೀಸರ ಮುಂದೆ, ವೈದ್ಯರ ಮುಂದೆ ನಿಲ್ಲಿಸುವ ಕ್ರೌರ್ಯ.

ಹಣದ ಚಿಂತೆಯಿದ್ದರೆ: ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರಡಿ ಉಚಿತ ವಕೀಲರು ಸಿಗುತ್ತಾರೆ, ಉಳಿದವರಿಗೆ ಆದಾಯ ಮಿತಿಯಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ನಿಮ್ಮ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಸಹಾಯವಾಣಿ 15100.

ಹಣ ಕೊಟ್ಟು ವಕೀಲರನ್ನಿಡುವವರು ಅರ್ಜಿ, ಮಧ್ಯಂತರ ಆದೇಶ, ಸಾಕ್ಷ್ಯ, ವಾದ ಇವಕ್ಕೆ ಬೇರೆ ಬೇರೆ ಎಷ್ಟು, ಹೈಕೋರ್ಟಿಗೆ ಹೋದರೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಕೌಟುಂಬಿಕ ಕೇಸುಗಳನ್ನು ನಡೆಸಿದ್ದೀರಾ ಎಂದು ಕೇಳಲು ನಾಚಬೇಡಿ. "ಮೊದಲು ಮಗು ಎತ್ತಿಕೊಂಡು ಬಾ, ಆಮ್ಯಾಲೆ ನೋಡೋಣ" ಎನ್ನುವ ವಕೀಲರಿಗೆ ವಕಾಲತ್ತು ಸಹಿ ಮಾಡಬೇಡಿ. ವಕೀಲರನ್ನು ಬದಲಿಸುವ ಹಕ್ಕು ನಿಮ್ಮದು; ಫೀ ಬಾಕಿಯೆಂದು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಮಗುವನ್ನು ಒಯ್ದುಬಿಟ್ಟರೆ, ಆದೇಶ ಪಾಲಿಸದಿದ್ದರೆ

ಒಯ್ದವರು ತಂದೆ ಅಥವಾ ತಾಯಿಯೇ ಆಗಿದ್ದರೆ ಪೊಲೀಸರು ಹೆಚ್ಚಾಗಿ ಸಿವಿಲ್ ವ್ಯಾಜ್ಯ ಎಂದು ಕೈಚೆಲ್ಲುತ್ತಾರೆ. ಆದರೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಗು ಯಾವ ದಿನದ ತನಕ ನಿಮ್ಮ ಬಳಿಯಿತ್ತು ಎಂಬುದಕ್ಕೆ ಅದು ದಾಖಲೆ. ಹಾಲುಣ್ಣುವ ಕೂಸನ್ನು ಕಿತ್ತುಕೊಂಡಿದ್ದರೆ, ಕೋರ್ಟಿನ ಆದೇಶ ಮೀರಿ ಒಯ್ದಿದ್ದರೆ, ಮೂರನೆಯವರು ಇಟ್ಟುಕೊಂಡಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಅಕ್ರಮವಾಗಿ ಇಟ್ಟುಕೊಂಡವರನ್ನು ಬಿಡಿಸಿ ಕೋರ್ಟಿನ ಮುಂದೆ ತರಿಸುವ) ಅರ್ಜಿ ಹಾಕಬಹುದು. ಇಬ್ಬರ ನಡುವಿನ ಸಂಗತಿಗಳನ್ನು ಸಾಕ್ಷಿಯಿಂದ ಬಗೆಹರಿಸಬೇಕಾದ ಕೇಸಾದರೆ ಹೈಕೋರ್ಟ್ ಕೆಳಗಿನ ಕೋರ್ಟಿಗೇ ಹೋಗಿ ಎನ್ನುತ್ತದೆ.

ಮಗುವನ್ನು ಹಾಜರುಪಡಿಸಿ ಎಂಬ ಆದೇಶ ಪಾಲಿಸದವರಿಗೆ 1890ರ ಕಾಯ್ದೆಯ ಸೆಕ್ಷನ್ 45 ನೂರು ರೂಪಾಯಿ ದಂಡ, ಆಮೇಲೆ ದಿನಕ್ಕೆ ಹತ್ತರಂತೆ ಒಟ್ಟು ಐನೂರು ಮೀರದಷ್ಟು ವಿಧಿಸುತ್ತದೆ. ಈಗ ಅದು ಒಂದು ಊಟದ ಬಿಲ್ಲು. ಆದರೆ ಅದೇ ಸೆಕ್ಷನ್ನಿನಲ್ಲಿ, ಮಗುವನ್ನು ತರುತ್ತೇನೆಂದು ಒಪ್ಪುವ ತನಕ ಸಿವಿಲ್ ಜೈಲಿನಲ್ಲಿಡುವ ಅಧಿಕಾರವೂ ಇದೆ. ಭೇಟಿ ತಪ್ಪಿದ ಪ್ರತಿ ರವಿವಾರವನ್ನೂ ತಾರೀಖು, ಸಮಯ, ನೀವು ಕಾದ ಜಾಗದ ಸಮೇತ ಬರೆದಿಟ್ಟು, ಮೂರು ನಾಲ್ಕು ಆದಾಗ ಮೆಮೊ ಹಾಕಿ. ಒಂದೇ ಭೇಟಿ ತಪ್ಪಿದ್ದಕ್ಕೆ ಓಡಿಬಂದರೆ ಜಗಳಗಂಟ ಎನಿಸಿಕೊಳ್ಳುತ್ತೀರಿ. ಒಂದು ವರ್ಷ ಸುಮ್ಮನಿದ್ದು ಬಂದರೆ ನಿಮಗೇ ಆಸಕ್ತಿ ಇರಲಿಲ್ಲ ಎನ್ನುತ್ತಾರೆ.

ಕೌಟುಂಬಿಕ ನ್ಯಾಯಾಲಯದ ಅಂತಿಮ ಆದೇಶದ ಮೇಲೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ಮಧ್ಯಂತರ ಆದೇಶಕ್ಕೆ ಮೇಲ್ಮನವಿ ಇಲ್ಲ, ರಿಟ್ ಅರ್ಜಿಯೊಂದೇ ದಾರಿ. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ ಹೋಗಬೇಕು. ವಿಜಯಪುರದವರು ಕಲಬುರಗಿ ಪೀಠಕ್ಕೆ. ಧಾರವಾಡದಲ್ಲಿ ಪರಿಚಯದ ವಕೀಲರಿದ್ದಾರೆ ಎಂದು ಅಲ್ಲಿಗೆ ಹೋದರೆ ಬರಿಗೈಲಿ ತಿರುಗಬೇಕಾಗುತ್ತದೆ. ಆದೇಶ ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ನಕಲು ಸಿದ್ಧವಾಗಲು ಬೇಕಾದ ದಿನಗಳು ಆ 30ರಲ್ಲಿ ಲೆಕ್ಕಕ್ಕಿಲ್ಲ, ಆದರೆ ನೀವು ಅರ್ಜಿ ಕೊಡದೆ ಕಳೆದ ದಿನಗಳು ಲೆಕ್ಕಕ್ಕಿವೆ.